ಎತ್ತಿ ಎಸೆದ ಮಾತ್ರಕ್ಕೆ ವೇಡರ್ ಮೇಲಾಗಲ್ಲ

ಸ್ಟಾರ್ ವಾರ್ಸ್ ಸಿನಿಮಾಗಳ ದುಷ್ಟ ಚಕ್ರವರ್ತಿ ಪಾಲ್ಪಟೀನ್‌ನನ್ನು ಕೊಂದವನು ಅವನದೇ ಶಿಷ್ಯ ಡಾರ್ತ್ ವೇಡರ್, ಹಾಗಾಗಿ ಶಕ್ತಿಯಲ್ಲೂ ವೇಡರೇ ಮೇಲು ಅಂತ ಬರೆದಿದ್ದೀರಿ. ಇದನ್ನು ಸುತಾರಾಂ ಒಪ್ಪುವುದಿಲ್ಲ. 1983ರ ರಿಟರ್ನ್ ಆಫ್ ದಿ ಜೆಡೈ ಸಿನಿಮಾದ ಆ ದೃಶ್ಯವನ್ನು ಇನ್ನೊಮ್ಮೆ ನೋಡಿ. ಚಕ್ರವರ್ತಿಯ ಗಮನವೆಲ್ಲ ವೇಡರ್‌ನ ಮಗ ಲ್ಯೂಕ್ ಮೇಲಿದೆ, ಎರಡೂ ಕೈಯಿಂದ ಮಿಂಚು ಸುರಿಸುತ್ತಾ ನಿಂತಿದ್ದಾನೆ, ಪಕ್ಕದಲ್ಲೇ ಇದ್ದ ವೇಡರ್ ಹಿಂದಿನಿಂದ ಹಿಡಿದು ಎತ್ತಿ ಕೆಳಕ್ಕೆ ಎಸೆಯುತ್ತಾನೆ. ಅಷ್ಟಕ್ಕೇ ಆ ಮಿಂಚು ತಗುಲಿ ವೇಡರ್‌ನ ಉಸಿರಾಟದ ಯಂತ್ರವೇ ಕೆಟ್ಟು ಪ್ರಾಣ ಹೋಗುತ್ತದೆ. ಎದುರಾಬದುರು ನಿಂತು ಗೆದ್ದಿದ್ದಲ್ಲ ಅಲ್ವಾ?

2005ರ ರಿವೆಂಜ್ ಆಫ್ ದಿ ಸಿತ್‌ನಲ್ಲಿ ಇದೇ ಪಾಲ್ಪಟೀನ್ ಅತೀಂದ್ರಿಯ ಶಕ್ತಿಯ ಯೋಧರಾದ ಜೆಡೈಗಳ ಮೂವರು ಗುರುಗಳನ್ನು ನೋಡನೋಡುತ್ತಲೇ ಮುಗಿಸುತ್ತಾನೆ, ಆಮೇಲೆ ಜೆಡೈಗಳ ಹಿರಿಯ ಗುರು ಯೋಡಾನೇ ಹಿಂದೆ ಸರಿಯಬೇಕಾಗುತ್ತದೆ. ಇನ್ನೊಬ್ಬ ಜೆಡೈ ಗುರು ಮೇಸ್ ವಿಂಡು ಮುಂದೆ ಪಾಲ್ಪಟೀನ್ ಸೋತಿದ್ದು ನಾಟಕವೋ ನಿಜವೋ ಅಂತ ಅಭಿಮಾನಿಗಳು ಇವತ್ತಿಗೂ ಜಗಳ ಆಡುತ್ತಾರೆ. ನನ್ನ ಪ್ರಕಾರ ಕತ್ತಿ ಕಾಳಗದಲ್ಲಿ ವಿಂಡು ನಿಜವಾಗಿಯೇ ಗೆದ್ದ. ಆದರೆ ವೇಡರ್? ಅದೇ ಸಿನಿಮಾದಲ್ಲಿ ಮುಸ್ತಫಾರ್ ಗ್ರಹದಲ್ಲಿ ತನ್ನ ಗುರು ಓಬಿ-ವಾನ್ ಎದುರು ಉಳಿದ ಕೈಕಾಲೂ ಕಳೆದುಕೊಂಡ.

ವೇಡರ್ ನನಗೂ ತುಂಬಾ ಇಷ್ಟ. ರೋಗ್ ಒನ್ ಸಿನಿಮಾದ ಆ ಕತ್ತಲ ಓಣಿಯಲ್ಲಿ ಅವನ ಕೆಂಪು ಲೈಟ್‌ಸೇಬರ್ (ಬೆಳಕಿನ ಕತ್ತಿ) ಹೊತ್ತಿಕೊಂಡಾಗ ಈಗಲೂ ಮೈ ಜುಮ್ಮೆನ್ನುತ್ತದೆ. ಅದನ್ನೇ ನೀವು ಸಾಕ್ಷಿ ಅಂತ ಕೊಡುವುದು ಮಾತ್ರ ಸರಿಯಲ್ಲ, ಅಲ್ಲಿ ಎದುರಿಗಿದ್ದವರು ಬಂದೂಕು ಹಿಡಿದ ಸಾಮಾನ್ಯ ಸೈನಿಕರು, ಒಬ್ಬ ಜೆಡೈ ಕೂಡ ಇರಲಿಲ್ಲ.