ಸತ್ಯಾಂಶ: ಎಡಿಎಚ್‌ಡಿ ಇದ್ದವರಿಗೆ ಸೈಕಲ್, ಈಜು ಹತ್ತುವುದಿಲ್ಲವೇ?

‘ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಚಡಪಡಿಕೆಯ ತೊಂದರೆ) ಇರುವ ಮಕ್ಕಳಿಗೆ ಸೈಕಲ್, ಈಜು, ತಬಲಾ ಯಾವುದೂ ಹತ್ತುವುದಿಲ್ಲ, ಕಲಿಸಿದರೆ ದುಡ್ಡು ದಂಡ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸುಳ್ಳು.

ಪಾಠದ ನೆನಪು ಬೇರೆ, ಕೈಗೆ ಕೂತ ಕೆಲಸದ ನೆನಪು ಬೇರೆ. 1953ರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯಾದ ಬಳಿಕ ಅಮೆರಿಕದ ಹೆನ್ರಿ ಮೊಲೈಸನ್ ಅವರಿಗೆ ಹೊಸ ಘಟನೆಗಳು ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಆದರೂ ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವುದರಲ್ಲಿ ದಿನದಿಂದ ದಿನಕ್ಕೆ ಪಳಗಿದರು. ನಿನ್ನೆ ಅದನ್ನೇ ಮಾಡಿದ್ದು ಮಾತ್ರ ನೆನಪಿಲ್ಲ! ಅವರಿಗಿದ್ದದ್ದು ಎಡಿಎಚ್‌ಡಿ ಅಲ್ಲ; ಆದರೆ ಪಾಠ ನೆನಪಿನಲ್ಲಿ ನಿಲ್ಲದಿದ್ದರೂ ಕೆಲಸ ಕೈಗೆ ಕೂರಬಲ್ಲದು ಎಂಬುದು ಇದರಿಂದ ತಿಳಿಯುತ್ತದೆ.

ಎಡಿಎಚ್‌ಡಿಯಲ್ಲಿ ತೊಡಕೇ ಇಲ್ಲವೆಂದಲ್ಲ. ಗಮನ ಜಾರಿದಾಗ ಅಭ್ಯಾಸ ತುಂಡಾಗುತ್ತದೆ, ಕೆಲವರಿಗೆ ಹೆಚ್ಚು ಸಮಯ ಬೇಕು. ಒಮ್ಮೆಗೆ ಸ್ವಲ್ಪವೇ ಅಭ್ಯಾಸ, ರಾತ್ರಿ ಸರಿಯಾದ ನಿದ್ದೆ ನೆರವಾಗುತ್ತವೆ. ಅಂದಹಾಗೆ, 9ನೇ ವಯಸ್ಸಿಗೆ ಎಡಿಎಚ್‌ಡಿ ಪತ್ತೆಯಾದ ಮೈಕೆಲ್ ಫೆಲ್ಪ್ಸ್ ಈಜಿನಲ್ಲಿ ಗೆದ್ದ ಒಲಿಂಪಿಕ್ ಪದಕಗಳು 28.