ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿಗೆ ಅಗ್ಗದ ಕ್ಯಾಮೆರಾ: ಮೆಗಾಪಿಕ್ಸೆಲ್ ನೋಡಿ ಕೊಳ್ಳಬೇಡಿ

ಕಾಲೇಜಿನ ಪ್ರಯೋಗಾಲಯಕ್ಕೆ ಸಣ್ಣ ಅನುದಾನ ಬಂದು, ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿಗೆ (ಬೆಳಕು ಬಿದ್ದಾಗ ಡೈ ಹೊರಸೂಸುವ ಬೆಳಕಿನಲ್ಲಿ ಮಾದರಿಯನ್ನು ನೋಡುವ ವಿಧಾನಕ್ಕೆ) ಕ್ಯಾಮೆರಾ ಬೇಕೆಂದು ಕೊಟೇಶನ್ ತರಿಸಿದರೆ, ಅದರಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಮೆಗಾಪಿಕ್ಸೆಲ್ ಸಂಖ್ಯೆ. ಈ ಕೆಲಸಕ್ಕೆ ಎಲ್ಲಕ್ಕಿಂತ ಕಡಿಮೆ ಉಪಯೋಗದ ಮಾಹಿತಿ ಅದೇ ಎಂಬುದು ನನ್ನ ಅಭಿಪ್ರಾಯ. ಡೈ ಹಾಕಿದ ಜೀವಕೋಶದಿಂದ ಹೊರಡುವ ಬೆಳಕು ಬಹಳ ಕ್ಷೀಣ, ಸಾಲದ್ದಕ್ಕೆ ಪ್ರಚೋದಕ ಬೆಳಕು ಬಿದ್ದಷ್ಟೂ ಡೈ ಮಾಸುತ್ತ ಹೋಗುತ್ತದೆ. ಆದ್ದರಿಂದ ಬಂದ ಬೆಳಕನ್ನು ಪೋಲು ಮಾಡದೆ ಹಿಡಿಯುವ ಕ್ಯಾಮೆರಾವೇ ಒಳ್ಳೆಯ ಕ್ಯಾಮೆರಾ.

ಕಪ್ಪು-ಬಿಳುಪು ಸೆನ್ಸರನ್ನೇ ಕೊಳ್ಳಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಬಣ್ಣದ ಸೆನ್ಸರಿನ ಪ್ರತಿ ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡು ಹಸಿರಿಗೆ, ಒಂದು ಕೆಂಪಿಗೆ, ಒಂದು ನೀಲಿಗೆ ಮೀಸಲಾಗಿರುವುದರಿಂದ, ಡಿಎನ್‌ಎಗೆ ಅಂಟುವ ಡ್ಯಾಪಿ ಎಂಬ ಡೈಯ ನೀಲಿ ಬೆಳಕಿನ ಬಹುಪಾಲು ಅಲ್ಲಿಯೇ ನಷ್ಟವಾಗುತ್ತದೆ. ಯಾವ ಬಣ್ಣವೆಂಬುದನ್ನು, ಬೇಕಾದ ಬಣ್ಣದ ಬೆಳಕನ್ನಷ್ಟೇ ಬಿಡುವ ಫಿಲ್ಟರ್ ಕ್ಯೂಬ್ ಮೊದಲೇ ನಿರ್ಧರಿಸಿರುತ್ತದೆ. ಚಿತ್ರಕ್ಕೆ ಅದನ್ನು ಕಂಪ್ಯೂಟರಿನಲ್ಲಿ ತುಂಬಿದರಾಯಿತು.

ಹೆಚ್ಚು ಯೋಚಿಸಬೇಕಾದದ್ದು ಪಿಕ್ಸೆಲ್ ಗಾತ್ರದ ಬಗ್ಗೆ. 40 ಪಟ್ಟು ಹಿಗ್ಗಿಸುವ, 0.75 ಎನ್‌ಎ (ಬೆಳಕನ್ನು ಸಂಗ್ರಹಿಸುವ ಸಾಮರ್ಥ್ಯದ ಅಳತೆ) ಇರುವ ಆಬ್ಜೆಕ್ಟಿವ್ ಲೆನ್ಸ್ 520 ನ್ಯಾನೊಮೀಟರಿನ ಹಸಿರು ಬೆಳಕಿನಲ್ಲಿ ಬಿಡಿಸಿ ತೋರಿಸಬಲ್ಲ ಅತಿ ಸಣ್ಣ ಅಂತರ ಸುಮಾರು 0.42 ಮೈಕ್ರಾನ್. ಸೆನ್ಸರಿನ ಮೇಲೆ ಅದು ಸುಮಾರು 17 ಮೈಕ್ರಾನ್ ಆಗುತ್ತದೆ, ಅಂದರೆ 8.5 ಮೈಕ್ರಾನಿನ ಎರಡು ಪಿಕ್ಸೆಲ್ ಸಾಕು. ಸೋನಿಯ ಐಎಂಎಕ್ಸ್178 ಸೆನ್ಸರಿನ 2.4 ಮೈಕ್ರಾನ್ ಪಿಕ್ಸೆಲ್‌ಗಳು ಅದೇ ಅಂತರವನ್ನು ಏಳು ಭಾಗ ಮಾಡುತ್ತವೆ. ಹೊಸ ವಿವರವೇನೂ ಸಿಗುವುದಿಲ್ಲ, ಬೆಳಕು ಮಾತ್ರ ಹಂಚಿಹೋಗಿ ಪ್ರತಿ ಪಿಕ್ಸೆಲ್‌ನ ರೀಡ್ ನಾಯ್ಸ್ (ಪಿಕ್ಸೆಲನ್ನು ಓದುವಾಗ ಸೇರುವ ಗದ್ದಲ) ಅದಕ್ಕೆ ಸೇರಿಕೊಳ್ಳುತ್ತದೆ. ಸೋನಿಯದೇ ಇನ್ನೊಂದು ಸೆನ್ಸರ್ ಐಎಂಎಕ್ಸ್174ರ 5.86 ಮೈಕ್ರಾನಿನ ಪಿಕ್ಸೆಲ್‌ಗೆ ಬೀಳುವ ಬೆಳಕು ಇದರ ಆರರಷ್ಟು, ಆದರೆ ಅದರ ರೀಡ್ ನಾಯ್ಸ್ ಹೆಚ್ಚು.

ಹಾಗೆಂದು ಐಎಂಎಕ್ಸ್178 ನಿರುಪಯೋಗಿಯಲ್ಲ. ಕ್ಯಾಮೆರಾವನ್ನು ಮೈಕ್ರೋಸ್ಕೋಪಿಗೆ ಜೋಡಿಸುವ, 0.5 ಪಟ್ಟಿನ ಸಿ-ಮೌಂಟ್ ಅಡಾಪ್ಟರ್ ಹಾಕಿದರೆ ಅದೇ ಬೆಳಕು ಕಾಲು ಭಾಗದ ಜಾಗಕ್ಕೆ ಬರುತ್ತದೆ, 2.4 ಮೈಕ್ರಾನ್ ಪಿಕ್ಸೆಲ್ 4.8ರಂತೆ ಕೆಲಸ ಮಾಡುತ್ತದೆ. ಸುಮಾರು 9 ಮಿಲಿಮೀಟರ್ ಕರ್ಣದ ಆ ಸೆನ್ಸರ್ ಈ ಅಡಾಪ್ಟರಿನೊಂದಿಗೆ ಸುಮಾರು 18 ಮಿಲಿಮೀಟರಿನಷ್ಟು ನೋಡುವುದರಿಂದ, ಸಾಮಾನ್ಯ ಐಪೀಸಿನ 20 ಮಿಲಿಮೀಟರ್ ಕ್ಷೇತ್ರದೊಳಗೆ ಆರಾಮವಾಗಿ ಕೂರುತ್ತದೆ. ದೊಡ್ಡ ಸೆನ್ಸರೇ ಮೇಲೆಂದು 16 ಮಿಲಿಮೀಟರ್ ಕರ್ಣದ ಐಎಂಎಕ್ಸ್533 ತಂದು ಅದೇ ಅಡಾಪ್ಟರಿಗೆ ಜೋಡಿಸಿದರೆ ಮೂಲೆಗಳು ಕಪ್ಪಾಗುತ್ತವೆ. ಅದಕ್ಕೆ 1 ಪಟ್ಟಿನ ಅಡಾಪ್ಟರೇ ಸರಿ. ಬಜೆಟ್ ಬಿಗಿಯಿದ್ದವರಿಗೆ ನಾನು ಸೂಚಿಸುವುದು ಐಎಂಎಕ್ಸ್178 ಮತ್ತು 0.5 ಪಟ್ಟಿನ ಅಡಾಪ್ಟರನ್ನೇ. (ಆಕಾಶ ವೀಕ್ಷಕರಿಗೆಂದು ಮಾರುವ ಕಪ್ಪು-ಬಿಳುಪು ಕ್ಯಾಮೆರಾಗಳಲ್ಲಿ ಈ ಸೆನ್ಸರ್ ಸಿಗುತ್ತದೆ.)

ಒಂದು ಸೆಕೆಂಡಿನೊಳಗಿನ ಎಕ್ಸ್‌ಪೋಷರ್‌ಗೆ ಸೆನ್ಸರನ್ನು ತಣ್ಣಗಿಡುವ ಕೂಲಿಂಗ್ ಅಷ್ಟೇನೂ ಅಗತ್ಯವಿಲ್ಲ; ಹಲವು ಸೆಕೆಂಡು ಕಾಯಬೇಕಾದ ಮಸುಕು ಮಾದರಿಗಳಿದ್ದರೆ ಮಾತ್ರ ಆ ಖರ್ಚು ಸಮರ್ಥನೀಯ. ಬೆಳಕಿನ ತೀವ್ರತೆಯನ್ನು ಅಳೆದು ಹೋಲಿಸುವವರು ಆಟೋ ಎಕ್ಸ್‌ಪೋಷರ್ ಆಫ್ ಮಾಡಿ, ಹೊಳಪಿನ ಅನುಪಾತವನ್ನು ಬದಲಿಸುವ ಗಾಮಾವನ್ನು 1ರಲ್ಲಿಟ್ಟು, ಜೆಪೆಗ್ ಬದಲು 12 ಅಥವಾ 16 ಬಿಟ್ ಟಿಫ್ ಉಳಿಸಿಕೊಳ್ಳಬೇಕು. ಇದಕ್ಕೆಲ್ಲ ಅವಕಾಶ ಕೊಡುವ ಡ್ರೈವರ್ ಇದೆಯೇ, ಉಚಿತವಾಗಿ ಸಿಗುವ ಮೈಕ್ರೋ-ಮ್ಯಾನೇಜರ್ ತಂತ್ರಾಂಶದಲ್ಲಿ ಆ ಕ್ಯಾಮೆರಾ ನಡೆಯುತ್ತದೆಯೇ ಎಂಬುದನ್ನು ಖರೀದಿ ಆದೇಶಕ್ಕೆ ಮೊದಲೇ ತಿಳಿದುಕೊಳ್ಳಿ. ಡೆಮೊ ನೋಡುವಾಗ ಮಾರಾಟಗಾರರು ತರುವ ಝಗಮಗಿಸುವ ಸ್ಲೈಡನ್ನು ಪಕ್ಕಕ್ಕಿಟ್ಟು, ನಿಮ್ಮಲ್ಲಿರುವ ಅತ್ಯಂತ ಮಸುಕಾದ ಸ್ಲೈಡನ್ನೇ ಅವರ ಕೈಗೆ ಕೊಡಿ.