ಎದುರಿನವರು ಓದಬೇಕಾದ ನಂಬರು

ಕಳೆದ ಡಿಸೆಂಬರಿನಲ್ಲಿ ಊರಿಗೆ ಬಂದಿದ್ದಾಗ ಅಕ್ಕನ ಮಗ ತಾನು ಕೊಂಡ ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಹೊರಟ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಆಯಿತು, ಸಿದ್ಧಗಂಗೆಯಲ್ಲಿ ಗಾಡಿಗೆ ಪೂಜೆ ಆಯಿತು. ವಾಪಸು ಬರುವಾಗ ತುಮಕೂರಿನ ಬಿ.ಎಚ್. ರಸ್ತೆ ಪಕ್ಕದ ಒಂದು ರೇಡಿಯಂ ಅಂಗಡಿ ಮುಂದೆ ನಿಲ್ಲಿಸಿದ. "ಅರ್ಧ ಗಂಟೆ ಅಷ್ಟೇ ಮಾವ, ನಂಬರ್ ಪ್ಲೇಟ್ ಮಾಡ್ಸ್ಕೊಂಡು ಹೋಗಣ" ಅಂದ.

ಗಾಡಿಗೆ ಆಗಲೇ ನಂಬರ್ ಪ್ಲೇಟ್ ಇತ್ತು. ಹಿಂದಿನ ಮಾಲೀಕರು ಎಚ್‌ಎಸ್‌ಆರ್‌ಪಿ, ಅಂದರೆ ಸರ್ಕಾರ ಹೇಳಿದ ಹೈ ಸೆಕ್ಯುರಿಟಿ ಪ್ಲೇಟು, ಹಾಕಿಸಿಯೇ ಮಾರಿದ್ದರು. ಅದನ್ನು ತೋರಿಸಿದೆ. "ಅದು ಎಲ್ಲಾರ ಗಾಡೀಲೂ ಇರುತ್ತಲ್ಲ ಮಾವ" ಅಂದ.

ಅಂಗಡಿಯ ಗೋಡೆ ತುಂಬ ಮಾದರಿಗಳು. ಕಪ್ಪು ಅಕ್ರಿಲಿಕ್ ಮೇಲೆ ಉಬ್ಬಿದ ಅಕ್ಷರ, ಹೊಗೆಬಣ್ಣದ ಹಾಳೆಯ ಕೆಳಗೆ ಅಡಗಿದ ಅಂಕಿ, ಬಾಲ ಬಿಟ್ಟು ಓರೆಯಾಗಿ ಓಡುವ ಅಂಕಿ. ಒಂದರಲ್ಲಿ 'ಕೆಎ 06' ಇರುವೆ ಗಾತ್ರಕ್ಕಿತ್ತು, ಕೊನೆಯ ನಾಲ್ಕು ಅಂಕಿಗಳು ಅಂಗೈ ಅಗಲಕ್ಕಿದ್ದವು. ಇನ್ನೊಂದರಲ್ಲಿ 8055 ಅನ್ನು ಇಂಗ್ಲಿಷಿನ 'ಬಾಸ್' ಎಂದು ಕಾಣುವ ಹಾಗೆ ತಿದ್ದಿದ್ದರು. ಗಾಜಿನ ಕೌಂಟರಿನೊಳಗೆ ಬ್ಯಾಡ್ಜುಗಳು: ಬಿಎಂಡಬ್ಲ್ಯುನ ಮೂರು ಬಣ್ಣದ ಗೆರೆಯ 'ಎಂ', ಮರ್ಸಿಡಿಸ್‌ನ 'ಎಎಂಜಿ', 'ಟರ್ಬೊ', '4x4'. ಪಕ್ಕದ ಡಬ್ಬಿಯಲ್ಲಿ 'ಪೊಲೀಸ್', 'ಪ್ರೆಸ್', 'ಅಡ್ವೊಕೇಟ್' ಸ್ಟಿಕರುಗಳು.

ಬೇಡ ಅಂದೆ. ಹುಡುಗನ ಮುಖ ಸಣ್ಣಗಾಯಿತು. ಮೂರು ವರ್ಷ ದುಡಿದು ಮನೆಗೆ ತಂದ ಮೊದಲ ಕಾರು ಅದು. ಅವನ ಸಂತೋಷಕ್ಕೆ ಅಡ್ಡ ಬಂದೆನಲ್ಲ ಎಂದು ನನಗೂ ನೋವಾಯಿತು. ಅಂಗಡಿಯವನ ಎದುರಿಗೆ ಕಾರಣ ಹೇಳುವುದಕ್ಕೆ ಆಗಲಿಲ್ಲ. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾರಣ ನನ್ನ ಚಿಕ್ಕಪ್ಪ. ಎರಡು ವರ್ಷದ ಹಿಂದೆ ಒಂದು ದಿನ ನಸುಕಿನಲ್ಲಿ ಅವರು ಟಿವಿಎಸ್ ಎಕ್ಸ್‌ಎಲ್ ಮೇಲೆ ಎರಡು ಚೀಲ ತೆಂಗಿನಕಾಯಿ ಹೇರಿಕೊಂಡು ಗುಬ್ಬಿ ರಸ್ತೆಯಲ್ಲಿ ಬರುತ್ತಿದ್ದರು. ಹಿಂದಿನಿಂದ ಒಂದು ಬಿಳಿ ಕಾರು ಗುದ್ದಿತು. ಒಂದು ಗಳಿಗೆ ನಿಂತಿತು, ಆಮೇಲೆ ಹೊರಟುಹೋಯಿತು. ಟೀ ಅಂಗಡಿಯವರು ಓಡಿಬಂದು ಚಿಕ್ಕಪ್ಪನನ್ನು ಎತ್ತಿ ಕೂರಿಸಿದರು. ಕಾರನ್ನು ಕಣ್ಣಾರೆ ನೋಡಿದ್ದ ಅವರಿಗೆ ನೆನಪಿದ್ದದ್ದು ಎರಡೇ: ಹಿಂದಿನ ಗಾಜಿನ ಮೇಲೆ ಸಿಂಹದ ಚಿತ್ರ, ಪ್ಲೇಟಿನ ಮೇಲೆ 'ಬಾಸ್' ಥರ ಏನೋ. ಪೊಲೀಸರು ಕೇಳಿದರು, ಯಾವ ಆರ್‌ಟಿಒ? ತುಮಕೂರಿನ 06, ತಿಪಟೂರಿನ 44, ಮಧುಗಿರಿಯ 64, ಇವುಗಳಲ್ಲಿ ಯಾವುದು? ಯಾವ ಸೀರೀಸ್? ಒಂದೊಂದು ಸೀರೀಸಿನಲ್ಲೂ ಒಂದೊಂದು 8055 ಇರುತ್ತದೆ. ಅದು 8055 ಹೌದೋ, ಅದರಂತೆ ಕಾಣಲೆಂದು ತಿದ್ದಿದ 8035ಓ ಅದೂ ಖಾತ್ರಿಯಿಲ್ಲ. ಎದುರಿನ ಗೊಬ್ಬರದಂಗಡಿಯ ಕ್ಯಾಮೆರಾದಲ್ಲಿ ಕಾರು ಸಿಕ್ಕಿತು. ಪ್ಲೇಟಿನ ಜಾಗದಲ್ಲಿ ಕಪ್ಪಗೆ ಮಿನುಗುವ ಒಂದು ಪಟ್ಟಿ, ಅಷ್ಟೇ.

ಗುರುತು ಸಿಗದ ವಾಹನ ಎಂದು ಕೇಸು ಬರೆದರು. ಹೀಗೆ ಗುದ್ದಿ ಓಡಿಹೋದ ಪ್ರಕರಣಗಳಿಗೆ ಕೇಂದ್ರ ಸರ್ಕಾರದ ಒಂದು ಪರಿಹಾರ ಯೋಜನೆ ಇದೆ. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ ರೂಪಾಯಿ, ಗಂಭೀರ ಗಾಯಕ್ಕೆ 50,000. ಅದಕ್ಕೆ ಮೊದಲು 25,000 ಮತ್ತು 12,500 ಇತ್ತು. ಚಿಕ್ಕಪ್ಪನ ತೊಡೆಗೆ ರಾಡ್ ಹಾಕಿಸಿದ ಖರ್ಚೇ ಆ 50,000ದ ಮೂರು ಪಟ್ಟು. ಕಾರಿನ ನಂಬರು ಗೊತ್ತಾಗಿದ್ದರೆ ದಾರಿಯೇ ಬೇರೆ ಇತ್ತು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ವಯಸ್ಸು, ದುಡಿಮೆ, ಉಳಿದ ಊನ, ಆಸ್ಪತ್ರೆಯ ಬಿಲ್ಲು ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ, ವಿಮಾ ಕಂಪನಿ ಕಟ್ಟಿಕೊಡಬೇಕಾಗುತ್ತದೆ. ಹತ್ತು ಅಕ್ಷರ-ಅಂಕಿ ಓದಲಿಕ್ಕಾಗದೆ ಇದ್ದದ್ದಕ್ಕೆ ಅವರು ತೆಂಗಿನ ತೋಟದ ಅರ್ಧ ಎಕರೆ ಮಾರಿದರು. ಆ ಪ್ಲೇಟಿಗೆ ದುಡ್ಡು ಕೊಟ್ಟವನು ಕಾರಿನ ಮಾಲೀಕ ಇರಬಹುದು. ಅದರ ಮೇಲಿನ ನಂಬರು ಮಾತ್ರ ಆ ಬೆಳಿಗ್ಗೆ ರಸ್ತೆಯಲ್ಲಿ ಬಿದ್ದಿದ್ದ ನನ್ನ ಚಿಕ್ಕಪ್ಪನಿಗೆ ಸೇರಬೇಕಾದದ್ದಾಗಿತ್ತು.

ನಾನು ಹನ್ನೆರಡು ವರ್ಷದಿಂದ ಜರ್ಮನಿಯ ಲುಡ್ವಿಗ್ಸ್‌ಬುರ್ಗ್‌ನಲ್ಲಿದ್ದೇನೆ. ಸ್ಟುಟ್‌ಗಾರ್ಟ್ ಪಕ್ಕದ ಊರು, ಸುತ್ತ ಎಲ್ಲಿ ನೋಡಿದರೂ ಕಾರಿನದೇ ಕಸುಬು. ಅಲ್ಲಿ ಮೊದಲ ಕಾರು ಕೊಂಡಾಗ ನೋಂದಣಿ ಕಚೇರಿಗೆ ಹೋಗಿ ಕಾಗದಪತ್ರ, ವಿಮೆಯ ಸಂಖ್ಯೆ ಕೊಟ್ಟೆ. ನಂಬರು ಕೊಟ್ಟು, ಪ್ಲೇಟು ಮಾಡಿಸಿಕೊಂಡು ಬಾ ಎಂದರು. ಕಚೇರಿಯ ಎದುರಿಗೇ ಪ್ಲೇಟು ಒತ್ತಿಕೊಡುವ ಪುಟ್ಟ ಅಂಗಡಿ. ಐದು ನಿಮಿಷದಲ್ಲಿ ಬಿಸಿ ಬಿಸಿ ತಗಡು ಕೈಗೆ ಬಂತು. ಅದನ್ನು ಕಚೇರಿಗೆ ತಂದ ಮೇಲೆ ಸಿಬ್ಬಂದಿ ಅದರ ಮೇಲೆ ರಾಜ್ಯದ ಲಾಂಛನದ ಮೊಹರು ಅಂಟಿಸಿದರು. ಆ ಮೊಹರು ಬೀಳುವ ತನಕ ಅದು ಬರೀ ತಗಡು. ಹಿಂದಿನ ಪ್ಲೇಟಿಗೆ ಇನ್ನೊಂದು ಬಣ್ಣದ ಬಿಲ್ಲೆ. ಮುಂದಿನ ತಪಾಸಣೆ ಯಾವ ವರ್ಷ ಎಂದು ಬಣ್ಣ ಹೇಳುತ್ತದೆ, ಯಾವ ತಿಂಗಳೆಂದು ಬಿಲ್ಲೆಯ ನೆತ್ತಿಯ ಅಂಕಿ ಹೇಳುತ್ತದೆ.

ಆ ಅಕ್ಷರಗಳ ಆಕಾರದ ಹಿಂದೆಯೂ ಒಂದು ಕತೆ ಇದೆ. 1970ರ ದಶಕದಲ್ಲಿ ಅಲ್ಲಿ ಉಗ್ರರ ಹಾವಳಿ ಜೋರಾಗಿತ್ತು. ಒಂದು ಚೂರು ಕಪ್ಪು ಟೇಪಿನಲ್ಲಿ 3 ಅನ್ನು 8 ಮಾಡಬಹುದಿತ್ತು, ಇಂಗ್ಲಿಷಿನ 'ಪಿ'ಯನ್ನು 'ಆರ್' ಮಾಡಬಹುದಿತ್ತು. ಹಾಗೆ ತಿದ್ದಿದರೆ ಕೂಡಲೇ ಗೊತ್ತಾಗುವಂತೆ ಒಂದೊಂದು ಅಕ್ಷರಕ್ಕೂ ಬೇರೆ ಬೇರೆ ಅಳತೆ ಕೊಟ್ಟು ಹೊಸ ಲಿಪಿ ಮಾಡಿಸಿದರು. 2000ದಿಂದ ಈಚೆಗೆ ಹೊಸ ಪ್ಲೇಟುಗಳಿಗೆ ಅದೇ ಕಡ್ಡಾಯ. ನೋಡಲಿಕ್ಕೆ ಅಷ್ಟೇನೂ ಚಂದವಿಲ್ಲ. ದೂರದಿಂದ, ಮಳೆಯಲ್ಲಿ, ಮಬ್ಬಿನಲ್ಲಿ ಓದಲಿಕ್ಕೆ ಬರುತ್ತದೆ.

ಒಮ್ಮೆ ಕಾರಿನ ಹಿಂದೆ ಸೈಕಲ್ ಸ್ಟ್ಯಾಂಡ್ ಕಟ್ಟಿ, ಮಗಳ ಸೈಕಲ್ಲೇರಿಸಿಕೊಂಡು ಹೊರಟಿದ್ದೆ. ಪೊಲೀಸರು ಪಕ್ಕಕ್ಕೆ ಹಾಕಿಸಿದರು. ಸ್ಟ್ಯಾಂಡಿನಿಂದ ಪ್ಲೇಟು ಮುಚ್ಚಿಹೋಗಿತ್ತು. ಹಾಗೆ ಮುಚ್ಚಿದರೆ ಅದೇ ನಂಬರಿನ ಮೂರನೇ ಪ್ಲೇಟು ಮಾಡಿಸಿ ಸ್ಟ್ಯಾಂಡಿನ ಹಿಂದೆ ಹಾಕಬೇಕಂತೆ. ದಂಡ ಕಟ್ಟಿದೆ. ಅವರಲ್ಲಿದ್ದ ಮಹಿಳಾ ಪೊಲೀಸ್ ಹೇಳಿದ ಒಂದು ಮಾತು ಉಳಿದುಕೊಂಡಿದೆ: ನೀವು ಯಾರಿಗಾದರೂ ತಗುಲಿಸಿದರೆ ಅವರು ಏನನ್ನು ಓದಬೇಕು?

ಜರ್ಮನ್ನರು ನಮಗಿಂತ ಒಳ್ಳೆಯವರು ಅಂತ ನಾನು ಹೇಳುತ್ತಿಲ್ಲ. ಆಸೆ ಅಲ್ಲೂ ಇದೆ. ನಮ್ಮ ಬೀದಿಯ ಅರ್ಧ ಕಾರುಗಳಲ್ಲಿ ಮಾಲೀಕರ ಹೆಸರಿನ ಮೊದಲಕ್ಷರ, ಹುಟ್ಟಿದ ವರ್ಷ ಕಾಣುತ್ತವೆ. ಹತ್ತು ಯೂರೋ ಚಿಲ್ಲರೆ ಕೊಟ್ಟರೆ, ಖಾಲಿ ಇದ್ದರೆ, ಬೇಕಾದ ಅಕ್ಷರ-ಅಂಕಿ ಸಿಗುತ್ತದೆ. ನಾಜಿಗಳನ್ನು ನೆನಪಿಸುವ ಜೋಡಿ ಅಕ್ಷರಗಳನ್ನು ಮಾತ್ರ ಕೊಡುವುದಿಲ್ಲ. ಹಾಗೆ ಆಸೆಗೊಂದು ಬಾಗಿಲು ತೆಗೆದಿಟ್ಟು, ಅಕ್ಷರದ ಆಕಾರವನ್ನು ಮುಟ್ಟಬೇಡಿ ಎಂದಿದ್ದಾರೆ. ಮೋಸದ ಉದ್ದೇಶದಿಂದ ಪ್ಲೇಟನ್ನು ತಿದ್ದಿದರೆ, ಮುಚ್ಚಿದರೆ ಒಂದು ವರ್ಷದವರೆಗೂ ಜೈಲಾಗಬಹುದು.

ನಮ್ಮಲ್ಲೂ ಏನೂ ಕಡಿಮೆಯಿಲ್ಲ, ಇದನ್ನು ಒತ್ತಿ ಹೇಳಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು 1989ರವು. ಕಾರಿನ ನಂಬರಿನ ಅಕ್ಷರ 65 ಮಿಲಿಮೀಟರ್ ಎತ್ತರ, 10 ದಪ್ಪ, ನಡುವೆ 10 ಜಾಗ ಇರಬೇಕೆಂದು ಅದರಲ್ಲಿ ಬರೆದಿದೆ. ಎಚ್‌ಎಸ್‌ಆರ್‌ಪಿ 2001ರಲ್ಲೇ ಕಾನೂನಿಗೆ ಬಂತು, 2019ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಶೋರೂಮಿನಲ್ಲೇ ಹಾಕಿಕೊಡುತ್ತಾರೆ. ಹಳೆಯ ಗಾಡಿಗಳಿಗೂ ಹಾಕಿಸಿ ಎಂದು ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಹೇಳಿತು, ಗಡುವನ್ನು ಮತ್ತೆ ಮತ್ತೆ ಮುಂದೂಡಿತು. ಆ ತಗಡನ್ನೊಮ್ಮೆ ಹತ್ತಿರದಿಂದ ನೋಡಿ. ಅಶೋಕ ಚಕ್ರದ ಹೊಲೊಗ್ರಾಂ, ಲೇಸರಿನಲ್ಲಿ ಕೊರೆದ ಕಾಯಂ ಗುರುತಿನ ಸಂಖ್ಯೆ, ಒಮ್ಮೆ ಕೂಡಿಸಿದರೆ ಮುರಿದೇ ಬಿಚ್ಚಬೇಕಾದ ಲಾಕು. ಎಂಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿದರೆ ಗಾಡಿಗೆ ವಿಮೆ ಚಾಲ್ತಿಯಲ್ಲಿದೆಯೋ ಇಲ್ಲವೋ ತುಮಕೂರಿನ ಟೀ ಅಂಗಡಿಯಲ್ಲಿ ಕೂತವರಿಗೂ ತಿಳಿಯುತ್ತದೆ. ಇಷ್ಟೆಲ್ಲ ಮಾಡಿ, ಅದರ ಮೇಲೊಂದು ಕಪ್ಪು ಹಾಳೆ ಅಂಟಿಸಿದರೆ ಎಲ್ಲವೂ ನೀರಿನಲ್ಲಿ ಹೋಮ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 500 ರೂಪಾಯಿ. ಅಂಗಡಿಯವನು ನಮ್ಮ ಹುಡುಗನಿಗೆ ಹೇಳಿದ ಪ್ಲೇಟಿನ ರೇಟು ಅದಕ್ಕಿಂತ ಜಾಸ್ತಿ.

ಹಿಂದೆ ನಮ್ಮೂರಿನಲ್ಲಿ ನಂಬರು ಬರೆಯುವುದು ಒಂದು ಕೆಲಸವಾಗಿತ್ತು. ಅಪ್ಪ ಚೇತಕ್ ಸ್ಕೂಟರ್ ಕೊಂಡಾಗ ಬೋರ್ಡು ಬರೆಯುವ ಪೇಂಟರ ಹತ್ತಿರ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅವರು ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು, ಚಪ್ಪಟೆ ಬ್ರಷ್ಷಿನಲ್ಲಿ ಎನಾಮಲ್ ಅದ್ದಿ, ಉಸಿರು ಬಿಗಿಹಿಡಿದು ಒಂದೊಂದೇ ಅಂಕಿ ಬರೆದರು. ಮುಗಿದ ಮೇಲೆ ಹತ್ತು ಹೆಜ್ಜೆ ಹಿಂದೆ ಹೋಗಿ, ಕಣ್ಣು ಕಿರಿದು ಮಾಡಿ ಓದಿ ನೋಡಿದರು. 7 ಯಾಕೋ 1ರ ಹಾಗೆ ಕಾಣುತ್ತಿದೆ ಎಂದು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆದರು. ಅವರಿಗೆ ನಿಯಮದ ಮಿಲಿಮೀಟರ್ ಗೊತ್ತಿತ್ತೋ ಇಲ್ಲವೋ, ಹತ್ತು ಹೆಜ್ಜೆ ಹಿಂದೆ ಹೋಗುವುದು ಗೊತ್ತಿತ್ತು.

ಇನ್ನು ಕನ್ನಡ ಅಂಕಿಯ ವಿಷಯ. ಹೊರನಾಡಿನಲ್ಲಿರುವವನಿಗೆ ಇದು ಸಂಕಟದ ಮಾತು. ೧೨೩ ಎಂದು ಬರೆದ ಪ್ಲೇಟು ಕಂಡರೆ ನನ್ನ ಎದೆಯೂ ಉಬ್ಬುತ್ತದೆ. ಮಗಳಿಗೆ ನಾನು ಕನ್ನಡ ಅಂಕಿ ಕಲಿಸಿದ್ದೇ ಊರಿನ ಬೋರ್ಡುಗಳನ್ನು ತೋರಿಸಿ. ಆದರೂ ಪ್ಲೇಟಿನ ಮೇಲೆ ಕನ್ನಡ ಅಂಕಿ ಒಂದೇ ಇರುವುದು ಬೇಡ ಎನ್ನುತ್ತೇನೆ. ನಮ್ಮ ಪಾವಗಡದ ಸುತ್ತ ಹೆಚ್ಚುಕಡಿಮೆ ಆಂಧ್ರವೇ ಇದೆ. ಅಲ್ಲಿನ ಗಾಡಿ ದಿನಾ ಹಿಂದೂಪುರಕ್ಕೋ ಮಡಕಶಿರಕ್ಕೋ ಹೋಗಿಬರುತ್ತದೆ. ಕೋಲಾರದ ಗಾಡಿ ಅರ್ಧ ದಿನದಲ್ಲಿ ಮೂರು ರಾಜ್ಯ ಸುತ್ತುತ್ತದೆ. ಅಲ್ಲಿ ಗುದ್ದಿಸಿಕೊಂಡ ತೆಲುಗಿನವನೋ ತಮಿಳಿನವನೋ ಏನು ಓದಬೇಕು? ಗ್ರೀಕರಿಗೆ ತಮ್ಮ ಲಿಪಿಯ ಮೇಲೆ ನಮಗಿಂತ ಕಡಿಮೆ ಅಭಿಮಾನವೇನಿಲ್ಲ. ಅವರು ಪ್ಲೇಟಿಗೆ ಇಪ್ಪತ್ತನಾಲ್ಕು ಅಕ್ಷರಗಳಲ್ಲಿ ಹದಿನಾಲ್ಕನ್ನು ಮಾತ್ರ ಬಳಸುತ್ತಾರೆ. ಗ್ರೀಕಿನಲ್ಲೂ ಲ್ಯಾಟಿನ್ ಲಿಪಿಯಲ್ಲೂ ಒಂದೇ ಆಕಾರದಲ್ಲಿ ಕಾಣುವ ಅಕ್ಷರಗಳು ಅಷ್ಟೇ. ಕನ್ನಡಕ್ಕೆ ಹಿಂದಿನ ಗಾಜು ಇದೆ, ಬಾಗಿಲಿದೆ, ಲಾರಿಯ ಹಣೆಯಿದೆ. ಎಡೆಯೂರು ಸಿದ್ಧಲಿಂಗೇಶ್ವರ, ಗೊರವನಹಳ್ಳಿ ಮಹಾಲಕ್ಷ್ಮಿ, ಅಮ್ಮನ ಆಶೀರ್ವಾದ ಎಲ್ಲವನ್ನೂ ಅಲ್ಲಿ ಓದುವುದು ನನಗೆ ಇಷ್ಟ. ಸಿರಾ ಕಡೆ ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಹೋಗುವಾಗ ಊರಿಗೆ ಬಂದೆ ಅನ್ನಿಸುವುದೇ ಆ ಅಕ್ಷರಗಳಿಂದ.

ಬ್ಯಾಡ್ಜುಗಳ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ನಮ್ಮ ಹುಡುಗ ಅಪ್ಪಿ ಮುದ್ದಾಡುತ್ತಿದ್ದ 'ಎಎಂಜಿ' ಕಂಪನಿ ಇರುವುದು ನಮ್ಮ ಲುಡ್ವಿಗ್ಸ್‌ಬುರ್ಗ್ ಜಿಲ್ಲೆಯಲ್ಲೇ, ಆಫಾಲ್ಟರ್‌ಬಾಖ್ ಎಂಬ ಸಣ್ಣ ಊರಿನಲ್ಲಿ. 1967ರಲ್ಲಿ ಔಫ್ರೆಖ್ಟ್, ಮೆಲ್ಷರ್ ಎಂಬ ಇಬ್ಬರು ಎಂಜಿನಿಯರುಗಳು ಶುರು ಮಾಡಿದ್ದು. ಮೊದಲೆರಡು ಅಕ್ಷರ ಅವರ ಹೆಸರಿನವು, ಮೂರನೆಯದು ಔಫ್ರೆಖ್ಟ್ ಹುಟ್ಟಿದ ಗ್ರೋಸಾಸ್‌ಪಾಖ್ ಎಂಬ ಹಳ್ಳಿಯದು. ನಮ್ಮವರಿಬ್ಬರು ಕಂಪನಿ ಮಾಡಿ ಕೊನೆಗೆ ಗುಬ್ಬಿಯ 'ಗು' ಸೇರಿಸಿದ ಹಾಗೆ. ಇದನ್ನು ಹೇಳಿದಾಗ ಹುಡುಗ ಕಣ್ಣರಳಿಸಿ ಕೇಳಿದ. ಅಲ್ಲಿ ದುಬಾರಿ ಕಾರು ಕೊಳ್ಳುವ ಎಷ್ಟೋ ಜನ ಹಿಂದಿನ ಮಾಡೆಲ್ ಹೆಸರೇ ಬೇಡ ಎಂದು ಬರೆದುಕೊಡುತ್ತಾರೆ, ಕಂಪನಿಯವರು ಅದಿಲ್ಲದೆಯೇ ಕಳಿಸುತ್ತಾರೆ. ಚಿಕ್ಕ ಎಂಜಿನ್ನಿನ ಹಳೇ ಬಿಎಂಡಬ್ಲ್ಯುಗೆ 'ಎಂ' ಅಂಟಿಸಿಕೊಂಡು ಓಡಾಡುವ ಹುಡುಗರೂ ಅಲ್ಲಿದ್ದಾರೆ. ಅದರಿಂದ ಯಾರ ಕಾಲೂ ಮುರಿಯುವುದಿಲ್ಲ. ಕಡಿಮೆ ಬೆಲೆಯ ವಿಎಕ್ಸ್‌ಐ ಗಾಡಿಗೆ ದುಬಾರಿ ಮಾಡೆಲ್ಲಿನ ಝಡ್‌ಎಕ್ಸ್‌ಐ ಬ್ಯಾಡ್ಜ್ ಹಾಕಿ ಹೆಚ್ಚು ಬೆಲೆಗೆ ಮಾರುವುದು ಮಾತ್ರ ಮೋಸ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಡಿಕ್ಕಿಯ ಮೇಲಿನ ಅಕ್ಷರ ನಂಬದೆ ಆರ್‌ಸಿಯಲ್ಲಿರುವ ಮಾಡೆಲ್ ನೋಡಬೇಕು.

ನನಗೆ ನಿಜಕ್ಕೂ ಸಿಟ್ಟು ಬರುವುದು ಆ ಡಬ್ಬಿಯಲ್ಲಿದ್ದ 'ಪೊಲೀಸ್', 'ಪ್ರೆಸ್' ಸ್ಟಿಕರುಗಳ ಮೇಲೆ. 2017ರ ಮೇ 1ರಿಂದ ಮಂತ್ರಿಗಳ ಕಾರಿನ ಕೆಂಪು ದೀಪವನ್ನೇ ತೆಗೆಸಿದ ದೇಶ ಇದು. ಆ ದೀಪ ಮಾಡುತ್ತಿದ್ದ ಕೆಲಸವನ್ನು ಈಗ ಮೂವತ್ತು ರೂಪಾಯಿಯ ಸ್ಟಿಕರು ಮಾಡುತ್ತಿದೆ. ತಡೆಯಬೇಡಿ, ಕೇಳಬೇಡಿ ಎನ್ನುವುದೇ ಅದರ ಅರ್ಥ. ಮಾಸಿದ ಪ್ಲೇಟು ಮತ್ತು ಈ ಸ್ಟಿಕರು ಒಂದೇ ಗಾಡಿಯಲ್ಲಿ ಎಷ್ಟು ಸಲ ಜೊತೆಯಾಗಿರುತ್ತವೆ ಎಂದು ಟೌನ್‌ಹಾಲ್ ಸರ್ಕಲ್ಲಿನಲ್ಲಿ ಹತ್ತು ನಿಮಿಷ ನಿಂತು ನೋಡಿ.

ಆವತ್ತು ಮನೆಗೆ ಬರುವ ದಾರಿಯಲ್ಲಿ ಹುಡುಗ ಮಾತಾಡಲಿಲ್ಲ. ಚಿಕ್ಕಪ್ಪ ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಕಾರು ಅಂಗಳಕ್ಕೆ ಬಂದು ತಿರುಗಿ ನಿಂತಿತು. ಅವರು ಊರುಗೋಲಿನ ಮೇಲೆ ಮುಂದಕ್ಕೆ ಬಾಗಿ, ಹಿಂದಿನ ಪ್ಲೇಟನ್ನು ಒಂದೊಂದೇ ಅಕ್ಷರ ಬಿಡಿಸಿ ಜೋರಾಗಿ ಓದಿದರು. ಅಪಘಾತವಾದಾಗಿನಿಂದ ಅಂಗಳಕ್ಕೆ ಬರುವ ಪ್ರತಿ ಗಾಡಿಯ ನಂಬರನ್ನೂ ಅವರು ಹೀಗೇ ಓದುತ್ತಾರೆ. ಹುಡುಗ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡ. ಮರುದಿನ ಹಿಂದಿನ ಗಾಜಿಗೆ ಗೊರವನಹಳ್ಳಿ ಮಹಾಲಕ್ಷ್ಮಿ ಪ್ರಸನ್ನ ಎಂದು ಬರೆಸಿಕೊಂಡು ಬಂದ. ಬಲಗಡೆ ಮೂಲೆಯಲ್ಲಿ ಮೂರು ಬಣ್ಣದ 'ಎಂ' ಕೂಡ ಇತ್ತು. ಪ್ಲೇಟಿನ ತಂಟೆಗೆ ಹೋಗಿರಲಿಲ್ಲ.